ಲೂಪ್ ಲೈನಿನ ಪ್ರಜೆಗಳು

ಭಾರತೀಯ ರೈಲ್ವೆ ತನ್ನ ಇತಿಹಾಸದಲ್ಲೇ ಮೊದಲ ಸಲ ಸಮಯಪಾಲನೆಯಲ್ಲಿ ನೂರಕ್ಕೆ ನೂರು ತೆಗೆದದ್ದು 2020ರ ಜುಲೈ 1ರಂದು. ಅಂದು ಓಡಿದ 201 ಗಾಡಿಗಳಲ್ಲಿ ಒಂದೂ ತಡವಾಗಲಿಲ್ಲ. ಅದಕ್ಕೆ ಒಂದು ವಾರ ಹಿಂದೆ, ಜೂನ್ 23ರಂದು, ಒಂದೇ ಒಂದು ಗಾಡಿ ಕಾಲೆಳೆದು ಫಲಿತಾಂಶವನ್ನು 99.54ಕ್ಕೆ ಇಳಿಸಿತ್ತು. ಜುಲೈ ಒಂದರಂದು ಆ ಕೊರತೆಯೂ ನೀಗಿತು. ಇಲಾಖೆ ಈ ಸಾಧನೆಯನ್ನು ಜಗತ್ತಿಗೆಲ್ಲ ಸಾರಿತು.

ಮಾಮೂಲಿ ದಿನಗಳಲ್ಲಿ ಈ ದೇಶದಲ್ಲಿ ಸುಮಾರು 13,000 ಪ್ರಯಾಣಿಕರ ಗಾಡಿಗಳು ಓಡುತ್ತವೆ, ಆ ಜುಲೈ ಒಂದರ ಹೊತ್ತಿಗೆ ಊರೂರಿಗೆ ನಿಲ್ಲುವ ಪ್ಯಾಸೆಂಜರ್ ಗಾಡಿಗಳು ಕೊರೊನಾ ಕಾರಣಕ್ಕೆ ಬಂದ್ ಆಗಿ ನೂರು ದಿನವಾಗಿತ್ತು ಎಂದೆಲ್ಲ ನೆನಪಿಸಿ ಸಂಭ್ರಮ ಕೆಡಿಸುವವರು ಎಲ್ಲ ಕಾಲದಲ್ಲೂ ಇರುತ್ತಾರೆ. ನಾನು ಆ ಪೈಕಿಯಲ್ಲ. ನನಗೆ ಅದರಲ್ಲಿ ಕಂಡದ್ದು ಒಂದು ವೈಜ್ಞಾನಿಕ ಸತ್ಯ. ರೈಲು ತಡವಾಗುವುದಕ್ಕೆ ಹಳಿ ಕಾರಣವಲ್ಲ, ಸಿಗ್ನಲ್ ಕಾರಣವಲ್ಲ, ಮಂಜೂ ಅಲ್ಲ. ಕಾರಣ ಜನ. ಅದರಲ್ಲೂ ಹೆಸರೇ ಕೇಳದ ಸ್ಟೇಷನ್ನುಗಳಲ್ಲಿ ಹತ್ತುವ ಜನ. ಅವರನ್ನು ಮನೆಯಲ್ಲಿ ಕೂರಿಸಿದ ದಿನ ರೈಲ್ವೆ ರ‍್ಯಾಂಕ್ ಬಂತು.

ಎಕ್ಸ್‌ಪ್ರೆಸ್ ಗಾಡಿಯ ವೇಗ ಎಂಜಿನ್ನಿನಿಂದ ಬರುತ್ತದೆ ಎಂದು ನಂಬಿರುವ ಮುಗ್ಧರು ನಮ್ಮ ನಡುವೆ ಇನ್ನೂ ಇದ್ದಾರೆ. ಅವರು ಒಮ್ಮೆ ಬೆಂಗಳೂರು–ಮೈಸೂರು ದಾರಿಯನ್ನು ನೋಡಬೇಕು. 138 ಕಿಲೋಮೀಟರ್, ಜೋಡಿ ಹಳಿ, ಮೇಲೆ ವಿದ್ಯುತ್ ತಂತಿ. ಒಂದು ಹಳಿ ಹೋಗುವುದಕ್ಕೆ, ಒಂದು ಬರುವುದಕ್ಕೆ. ಎದುರಿನ ಗಾಡಿಗೆ ಕಾಯುವ ಪ್ರಶ್ನೆಯೇ ಇಲ್ಲ. ಆದರೂ ಬೆಳಗಿನ ಪ್ಯಾಸೆಂಜರ್ ಬಿಡದಿಯಲ್ಲೋ ಚನ್ನಪಟ್ಟಣದಲ್ಲೋ ಪಕ್ಕದ ಲೂಪ್ ಲೈನಿಗೆ ಸರಿದು ಉಸಿರು ಬಿಡುತ್ತ ನಿಲ್ಲುತ್ತದೆ. ಬಾಗಿಲಲ್ಲಿ ನಿಂತವರು ಕೆಳಗಿಳಿದು ಮೈ ಮುರಿಯುತ್ತಾರೆ. ಹೊಸಬ ಯಾರಾದರೂ "ಯಾಕ್ ನಿಲ್ಸವ್ರೆ ಅಣ್ಣ?" ಎಂದು ಕೇಳಿದರೆ ಹಳಬರು ತಲೆಯೆತ್ತದೆ ಹೇಳುತ್ತಾರೆ: "ಹಿಂದ್ಗಡೆ ದೊಡ್ಡೋರು ಬತ್ತಾವ್ರೆ."

ದೊಡ್ಡವರು ಬರುತ್ತಾರೆ. ಸ್ಟೇಷನ್ನಿನ ಗೋಡೆ ಅದುರುತ್ತದೆ, ಹಳದಿ ಬೋರ್ಡಿನ ಮೇಲೆ ಧೂಳು ಕೂರುತ್ತದೆ, ತಣ್ಣನೆಯ ಗಾಜಿನ ಹಿಂದೆ ಯಾರೋ ಉಪಾಹಾರದ ಪೊಟ್ಟಣ ಬಿಚ್ಚುತ್ತಿರುವುದು ಕಣ್ಣಿಗೆ ಬಿದ್ದಂತಾಗುತ್ತದೆ. ಹತ್ತು ಸೆಕೆಂಡ್. ಅಷ್ಟಕ್ಕೆ ಪ್ಯಾಸೆಂಜರ್ ಯಾಕೆ ಇಪ್ಪತ್ತು ನಿಮಿಷ ನಿಲ್ಲಬೇಕು?

ಇದರ ತಂತ್ರ ಸ್ವಾರಸ್ಯವಾಗಿದೆ. ಹಳೆಯ ಬ್ಲಾಕ್ ಪದ್ಧತಿ ಇರುವ ಕಡೆ ಎರಡು ಸ್ಟೇಷನ್ನುಗಳ ನಡುವಿನ ಹಳಿಯ ಮೇಲೆ ಒಂದು ದಿಕ್ಕಿಗೆ ಒಂದು ಹೊತ್ತಿಗೆ ಒಂದೇ ಗಾಡಿ ಇರಬೇಕು. ಹಿಂದೆ ಬರುವ ಎಕ್ಸ್‌ಪ್ರೆಸ್ ಎಲ್ಲಿಯೂ ಬ್ರೇಕ್ ಮುಟ್ಟಬಾರದು ಎಂದರೆ, ಅದು ಹಿಂದಿನ ಸ್ಟೇಷನ್ನಿಗೆ ಬರುವ ಮೊದಲೇ ಪ್ಯಾಸೆಂಜರ್ ಲೂಪಿನೊಳಗೆ ಮುದುಡಿಕೊಂಡಿರಬೇಕು. ಲೂಪಿಗೆ ತಿರುಗುವ ಕಡೆ ವೇಗ ಗಂಟೆಗೆ 30 ಕಿ.ಮೀ., ಕೆಲವು ಕಡೆ ಇನ್ನೂ ಕಡಿಮೆ. ಎಕ್ಸ್‌ಪ್ರೆಸ್ ದಾಟಿ ಹೋದ ಮೇಲಾದರೂ ಹೊರಡಬಹುದೇ? ಇಲ್ಲ. ಅದು ಮುಂದಿನ ಸ್ಟೇಷನ್ ದಾಟಿ ಹಳಿ ಖಾಲಿಯಾಗಬೇಕು. ಅಷ್ಟರಲ್ಲಿ ಹಿಂದೆ ಇನ್ನೊಬ್ಬ ದೊಡ್ಡವರು ಬರುತ್ತಿದ್ದರೆ, 'ಹೇಗೂ ನಿಂತಿದೆ, ಇವರನ್ನೂ ಬಿಟ್ಟುಬಿಡೋಣ' ಎಂದು ಕಂಟ್ರೋಲರು ತೀರ್ಮಾನಿಸುತ್ತಾರೆ. ನಿಂತವನನ್ನು ಇನ್ನಷ್ಟು ನಿಲ್ಲಿಸುವುದರಲ್ಲಿ ಹೊಸ ಖರ್ಚೇನೂ ಇಲ್ಲ ಎಂಬುದು ನಮ್ಮ ಆಡಳಿತದ ಬಹಳ ಹಳೆಯ ಶೋಧ.

ಕಂಟ್ರೋಲ್ ಕೋಣೆಯ ಚಾರ್ಟು ನೋಡಿದವರಿಗೆ ಇದೆಲ್ಲ ಒಂದೇ ನೋಟಕ್ಕೆ ತಿಳಿಯುತ್ತದೆ. ಅಡ್ಡಕ್ಕೆ ಗಡಿಯಾರ, ಉದ್ದಕ್ಕೆ ಸ್ಟೇಷನ್ನುಗಳು, ಗಾಡಿಗೊಂದು ಓರೆಗೆರೆ. ಫ್ರಾನ್ಸಿನ ಮಾರೆ ಎಂಬ ವಿಜ್ಞಾನಿ 1878ರ ತನ್ನ ಪುಸ್ತಕದಲ್ಲಿ ಪ್ಯಾರಿಸ್–ಲಿಯಾನ್ ದಾರಿಯ ಇಂಥ ಚಾರ್ಟನ್ನು ಅಚ್ಚು ಹಾಕಿಸಿದ. ಇವತ್ತಿಗೂ ಬಳಕೆಯಲ್ಲಿರುವುದು ಅದೇ ವಿಧಾನ. ಎಕ್ಸ್‌ಪ್ರೆಸ್ಸಿನ ಗೆರೆ ಕಡಿದಾಗಿ ಏರುತ್ತದೆ. ಪ್ಯಾಸೆಂಜರಿನ ಗೆರೆ ಮೆಟ್ಟಿಲು ಮೆಟ್ಟಿಲಾಗಿ ಹತ್ತುತ್ತದೆ: ಹೆಜ್ಜಾಲ, ಬಿಡದಿ, ಕೇತೋಹಳ್ಳಿ, ರಾಮನಗರ, ಚನ್ನಪಟ್ಟಣ, ಶೆಟ್ಟಿಹಳ್ಳಿ, ನಿಡಘಟ್ಟ, ಮದ್ದೂರು, ಹನಕೆರೆ. ಎಲ್ಲ ಗೆರೆಗಳೂ ಒಂದೇ ಓರೆಯಲ್ಲಿದ್ದರೆ ಚಾರ್ಟಿನಲ್ಲಿ ಅತಿ ಹೆಚ್ಚು ಗಾಡಿ ಹಿಡಿಸಬಹುದು. ಓರೆಗಳು ಬೇರೆಯಾದಷ್ಟೂ ನಡುವೆ ಖಾಲಿ ತ್ರಿಕೋನಗಳು ಹುಟ್ಟುತ್ತವೆ. ಆ ಜಾಗ ಯಾರಿಗೂ ದಕ್ಕುವುದಿಲ್ಲ. 130ರಲ್ಲಿ ಓಡುವ ಒಂದು ಗಾಡಿಯನ್ನು ಇಂಥ ದಾರಿಗೆ ಸೇರಿಸಿದರೆ ಅದು ತನ್ನ ಜಾಗವನ್ನಷ್ಟೇ ತಿನ್ನುವುದಿಲ್ಲ, ಅಕ್ಕಪಕ್ಕದವರ ಎಲೆಗೂ ಕೈ ಹಾಕುತ್ತದೆ. ಹಾಗಾಗಿ ವೇಗ ಎನ್ನುವುದು ಕಾರ್ಖಾನೆಯಲ್ಲಿ ತಯಾರಾಗುವ ವಸ್ತುವೇ ಅಲ್ಲ. ಅದು ಹನಕೆರೆಯವರಿಂದ ವಸೂಲಿ ಮಾಡುವ ತೆರಿಗೆ. ವಸೂಲಾತಿ ನಿಮಿಷದ ರೂಪದಲ್ಲಿ, ರಸೀದಿ ಇಲ್ಲ.

ಲೆಕ್ಕ ಬೇಕೇ? ಲೂಪಿನಲ್ಲಿ ನಿಂತ ಗಾಡಿಯಲ್ಲಿ 1,500 ಜನ ಇದ್ದಾರೆ ಎಂದಿಟ್ಟುಕೊಳ್ಳಿ. ಆಫೀಸು ಹೊತ್ತಿನ ಗಾಡಿಗೆ ಇದೇನೂ ಉತ್ಪ್ರೇಕ್ಷೆಯಲ್ಲ. ಇಪ್ಪತ್ತು ನಿಮಿಷ ನಿಂತರೆ ಒಟ್ಟು 30,000 ನಿಮಿಷ, ಅಂದರೆ 500 ಗಂಟೆ. ಪಕ್ಕದಲ್ಲಿ ಹಾದು ಹೋದ ಗಾಡಿಯಲ್ಲಿ ಸಾವಿರ ಜನ ಇದ್ದು ತಲಾ ಎಂಟು ನಿಮಿಷ ಉಳಿಸಿದರು ಎನ್ನಿ: 8,000 ನಿಮಿಷ. ಮೂವತ್ತು ಸಾವಿರ ಕೊಟ್ಟು ಎಂಟು ಸಾವಿರ ಕೊಂಡದ್ದಕ್ಕೆ ಬೇರೆ ಯಾವ ವ್ಯಾಪಾರದಲ್ಲಾದರೂ ಗುಮಾಸ್ತನಿಗೆ ಬೈಗುಳ ಬೀಳುತ್ತಿತ್ತು. ಇಲ್ಲಿ ಅದಕ್ಕೆ ಬ್ಯಾಂಡ್ ಬಾರಿಸಿ ಬಾವುಟ ಹಾರಿಸುತ್ತಾರೆ.

ಹಾಗಂತ ಹೊತ್ತು ತಪ್ಪಿದ ಗಾಡಿಗಳಿಂದ ನಾಡಿಗೆ ಒಳ್ಳೆಯದಾಗಿಯೇ ಇಲ್ಲ ಎನ್ನಲಾಗದು. ಮದ್ದೂರು ವಡೆ ಹುಟ್ಟಿದ್ದೇ ಹಾಗೆ ಎನ್ನುವ ಕತೆಯಿದೆ. 1917ರ ಸುಮಾರಿಗೆ ಮದ್ದೂರು ಸ್ಟೇಷನ್ನಿನಲ್ಲಿ ತಿಂಡಿ ಮಾರುತ್ತಿದ್ದ ರಾಮಚಂದ್ರ ಬುಧ್ಯ ಅವರು ಪಕೋಡಕ್ಕೆ ಹಿಟ್ಟು ಕಲಸುತ್ತಿದ್ದಾಗ ಗಾಡಿ ಹೊತ್ತಿಗೆ ಮುಂಚೆಯೇ ಬಂದುಬಿಟ್ಟಿತಂತೆ. ಉಂಡೆ ಕಟ್ಟಿ ಬೇಯಿಸುವಷ್ಟು ವ್ಯವಧಾನವಿಲ್ಲದೆ ಅದೇ ಹಿಟ್ಟನ್ನು ತಟ್ಟಿ ಎಣ್ಣೆಗೆ ಬಿಟ್ಟರಂತೆ. ನನಗೆ ಈ ಕತೆಯಲ್ಲಿ ಅಚ್ಚರಿ ಹುಟ್ಟಿಸುವುದು ವಡೆಯಲ್ಲ. ಗಾಡಿ ಬೇಗ ಬಂತು ಎನ್ನುವ ಭಾಗ. ಈಗಿನ ವೇಳಾಪಟ್ಟಿ ಆಗಲೇ ಜಾರಿಯಲ್ಲಿದ್ದಿದ್ದರೆ ಬುಧ್ಯ ಅವರಿಗೆ ಪಕೋಡ ಮಾಡಿ, ಅದು ಆರಿ, ಇನ್ನೊಂದು ಸಲ ಕರಿಯುವಷ್ಟು ಸಮಯ ಸಿಗುತ್ತಿತ್ತು. ವಡೆ ಹುಟ್ಟುತ್ತಲೇ ಇರಲಿಲ್ಲ.

ಬೇಗ ಬರುವ ಕಲೆಯನ್ನು ಇಂದಿನವರು ಬೇರೆ ರೀತಿಯಲ್ಲಿ ಸಾಧಿಸಿದ್ದಾರೆ. ಯಾವುದೇ ಗಾಡಿಯ ವೇಳಾಪಟ್ಟಿ ತೆಗೆದು ಕೊನೆಯ ಎರಡು ಸಾಲು ಓದಿ. ನಾಗನಹಳ್ಳಿಯಿಂದ ಮೈಸೂರಿಗೆ, ಅಥವಾ ನಾಯಂಡಹಳ್ಳಿಯಿಂದ ಬೆಂಗಳೂರಿಗೆ. ಹೊರಡುವಾಗ ಆ ದೂರಕ್ಕೆ ಹತ್ತು ನಿಮಿಷ ಬರೆದಿದ್ದರೆ, ಮುಟ್ಟುವಾಗ ಅದೇ ಹಳಿ, ಅದೇ ಎಂಜಿನ್, ಅದೇ ದೂರಕ್ಕೆ ಅರ್ಧ ಗಂಟೆಯೋ ಮುಕ್ಕಾಲು ಗಂಟೆಯೋ ಬರೆದಿರುತ್ತದೆ. ಇದಕ್ಕೆ ಎಂಜಿನಿಯರಿಂಗ್ ಅಲವೆನ್ಸ್, ಟ್ರಾಫಿಕ್ ಅಲವೆನ್ಸ್, ರಿಕವರಿ ಟೈಮ್ ಎಂದು ಗಂಭೀರವಾದ ಹೆಸರುಗಳಿವೆ. ದುರಸ್ತಿ ನಡೆಯುವ ಕಡೆ ನಿಧಾನವಾದರೆ ಸರಿದೂಗಿಸಲು ಸ್ವಲ್ಪ ಸಡಿಲು ಇರಲೇಬೇಕು, ಒಪ್ಪೋಣ. ಅದನ್ನು ದಾರಿಯುದ್ದಕ್ಕೂ ಹಂಚಿದರೆ ನಡುವಿನ ಊರುಗಳಿಗೂ ಉಪಯೋಗ. ಆದರೆ ಸಡಿಲನ್ನೆಲ್ಲ ಗುಡಿಸಿ ಕೊನೆಯ ಸ್ಟೇಷನ್ನಿನ ಹೊಸ್ತಿಲಲ್ಲಿ ರಾಶಿ ಹಾಕುತ್ತಾರೆ. ಯಾಕೆಂದರೆ ಹಾಜರಿ ಹಿಡಿಯುವುದು ಅಲ್ಲಿ. ಮಂಡ್ಯಕ್ಕೆ ಮೂವತ್ತು ನಿಮಿಷ ತಡವಾಗಿ ಬಂದ ಗಾಡಿ ಮೈಸೂರಿಗೆ ಐದು ನಿಮಿಷ ಮೊದಲೇ ಬಂದು ಔಟರಿನಲ್ಲಿ ಪ್ಲಾಟ್‌ಫಾರಂ ಖಾಲಿಯಾಗಲೆಂದು ಕಾದು, 'ಸರಿಯಾದ ಸಮಯ' ಎಂದು ದಾಖಲಾಗುತ್ತದೆ. ಮಂಡ್ಯದಲ್ಲಿ ಇಳಿದವನ ಸಂಬಳ ಕಟ್ ಆದದ್ದು ಬೇರೆ ಇಲಾಖೆಯ ವಿಷಯ.

ಮಹಾಲೇಖಪಾಲರು (ಸಿಎಜಿ) ಒಮ್ಮೆ ಈ ಕನ್ನಡಿಯನ್ನು ಹಿಡಿದು ತೋರಿಸಿದ್ದರು. ರೈಲ್ವೆಯ ನಿಯಮದ ಪ್ರಕಾರ ಬ್ರಾಡ್‌ಗೇಜಿನಲ್ಲಿ ಸರಾಸರಿ ಗಂಟೆಗೆ 55 ಕಿ.ಮೀ. ಓಡಿದರೆ ಸಾಕು, ಆ ಗಾಡಿ ಸೂಪರ್‌ಫಾಸ್ಟ್. ಸ್ಲೀಪರಿನವರು 30 ರೂಪಾಯಿ, ಏಸಿ ಮೂರು ಮತ್ತು ಎರಡು ಟಯರಿನವರು 45 ರೂಪಾಯಿ ಹೆಚ್ಚು ಕೊಡಬೇಕು. ಮಹಾಲೇಖಪಾಲರ ವರದಿ ನೋಡಿದ 478 ಸೂಪರ್‌ಫಾಸ್ಟ್‌ಗಳಲ್ಲಿ 123 ಗಾಡಿಗಳ ವೇಗ ಕಾಗದದ ಮೇಲೂ 55 ಮುಟ್ಟಿರಲಿಲ್ಲ. ಓಡಿ ಸೋತದ್ದಲ್ಲ; ಬರೆಯುವಾಗಲೇ ಸೋತದ್ದು. 2021–22ರ ಹೊತ್ತಿಗೆ ಮೇಲ್ ಮತ್ತು ಎಕ್ಸ್‌ಪ್ರೆಸ್ ಗಾಡಿಗಳ ಸರಾಸರಿ ವೇಗವನ್ನು 75ಕ್ಕೆ ಏರಿಸುತ್ತೇವೆ ಎಂದು 'ಮಿಷನ್ ರಫ್ತಾರ್' ಯೋಜನೆ ಘೋಷಿಸಿತ್ತು. 2019–20ರಲ್ಲಿ ಆ ವೇಗ 50.6ರಲ್ಲಿತ್ತು. ಹಾಗಾದರೆ ಬಿಡದಿಯಲ್ಲಿ ನಿಂತವರ ನಿಮಿಷಗಳೆಲ್ಲ ಎಲ್ಲಿ ಹೋದವು? ಕಿತ್ತುಕೊಂಡವನಿಗೂ ದಕ್ಕಲಿಲ್ಲ ಎಂದಾಯಿತು. ಒಬ್ಬರದು ಕಿತ್ತು ಇನ್ನೊಬ್ಬರಿಗೆ ಕೊಡುವುದಕ್ಕೂ ಸ್ವಲ್ಪ ದಕ್ಷತೆ ಬೇಕಾಗುತ್ತದೆ.

ಕೊರೊನಾ ಮುಗಿದು ಪ್ಯಾಸೆಂಜರ್ ಗಾಡಿಗಳು ಮತ್ತೆ ಹಳಿಗೆ ಬಂದಾಗ ಇಲಾಖೆ ಹಳ್ಳಿಯವರ ಮೇಲೆ ವಿಶೇಷ ಕರುಣೆ ತೋರಿತು. ಅವರ ಗಾಡಿಯನ್ನು 'ಎಕ್ಸ್‌ಪ್ರೆಸ್ ಸ್ಪೆಷಲ್' ಮಾಡಿತು. ಬೋಗಿ ಅದೇ, ನಿಲುಗಡೆ ಅವೇ, ಲೂಪಿನ ಧ್ಯಾನವೂ ಅಷ್ಟೇ ಹೊತ್ತು. ಕನಿಷ್ಠ ಟಿಕೆಟ್ ಮಾತ್ರ 10 ರೂಪಾಯಿಯಿಂದ 30 ರೂಪಾಯಿಗೆ ಓಡಿತು. ಆ ಗಾಡಿಯಲ್ಲಿ ಎಕ್ಸ್‌ಪ್ರೆಸ್ ವೇಗದಲ್ಲಿ ಚಲಿಸಿದ್ದು ಅದೊಂದೇ. ಸೊಪ್ಪಿನ ಮೂಟೆ ಹೊತ್ತು ಎರಡು ಸ್ಟೇಷನ್ ದೂರ ಹೋಗುವ ಹೆಂಗಸು ಸುಮಾರು ಮೂರು ವರ್ಷ ಎಕ್ಸ್‌ಪ್ರೆಸ್ ದರ ಕೊಟ್ಟಳು. 2024ರ ಫೆಬ್ರುವರಿ ಕೊನೆಯಲ್ಲಿ, ಲೋಕಸಭೆ ಚುನಾವಣೆ ಹೊಸ್ತಿಲಿಗೆ ಬಂದಾಗ, ದರ ಮತ್ತೆ 10ಕ್ಕೆ ಇಳಿಯಿತು. ಎರಡಕ್ಕೂ ಸಂಬಂಧವಿದೆ ಎಂದು ನಾನು ಹೇಳುವುದಿಲ್ಲ. ವೇಳಾಪಟ್ಟಿ ಚೆನ್ನಾಗಿ ಹೊಂದಿಕೊಂಡಿತ್ತು ಎಂದಷ್ಟೇ ಹೇಳುತ್ತೇನೆ.

ಕೊರೊನಾಕ್ಕೆ ಗಾಡಿಗಳು ನಿಂತಿದ್ದ ಬಿಡುವಿನಲ್ಲಿ, 2020ರಲ್ಲಿ, ಐಐಟಿ ಬಾಂಬೆಯವರ ನೆರವಿನಿಂದ 'ಶೂನ್ಯಾಧಾರಿತ ವೇಳಾಪಟ್ಟಿ' ತಯಾರಾಗುತ್ತಿದೆ ಎಂಬ ಸುದ್ದಿ ಬಂತು. ಹಳೆಯದನ್ನೆಲ್ಲ ಒರೆಸಿ ಸೊನ್ನೆಯಿಂದ ಬರೆಯುವುದು. ಉದ್ದೇಶ ಕೆಟ್ಟದ್ದೇನಲ್ಲ. ನಮ್ಮ ವೇಳಾಪಟ್ಟಿ ಬ್ರಿಟಿಷರ ಕಾಲದಿಂದ ತೇಪೆಯ ಮೇಲೆ ತೇಪೆ ಬಿದ್ದು ಬಂದದ್ದು. ಹಳಿ ರಿಪೇರಿಗೆ ದಿನಕ್ಕೆ ಮೂರು ಗಂಟೆ ಬಿಡುವು ಕೂಡ ಅದರಲ್ಲಿ ಸಿಗುತ್ತಿರಲಿಲ್ಲ. ಆದರೆ ಸುದ್ದಿಯ ಮುಂದಿನ ಸಾಲಿನಲ್ಲಿ ಸುಮಾರು 500 ಗಾಡಿ, 10,000 ನಿಲುಗಡೆ ಹೋಗಲಿವೆ ಎಂದಿತ್ತು. ಸೊನ್ನೆಯಿಂದ ಶುರುಮಾಡಿದವರು ಸೊನ್ನೆಯನ್ನು ಯಾರ ಮುಂದೆ ಬರೆದರು ಎಂದು ತಿಳಿಯಲು ಗಣಿತ ಬೇಕಿಲ್ಲ. ಅಂಥ ಒಂದು ಸಭೆ ಹೇಗೆ ನಡೆದೀತು ಎಂದು ನಾನು ಕಲ್ಪಿಸಿಕೊಂಡಿದ್ದೇನೆ. ಮೇಜಿನ ತಲೆಯಲ್ಲಿ ದೊಡ್ಡ ಸಾಹೇಬರು. ಪಕ್ಕದಲ್ಲಿ ಲ್ಯಾಪ್‌ಟಾಪ್ ತೆರೆದ ಕನ್ಸಲ್ಟೆಂಟ್ ಹುಡುಗ. ಬಾಗಿಲ ಹತ್ತಿರ, ನಿವೃತ್ತಿಗೆ ಹತ್ತಿರವಾದ ಚೀಫ್ ಕಂಟ್ರೋಲರು.

"ಸರ್, ಮಾಡೆಲ್ ರೆಡಿ ಇದೆ. ಎಲ್ಲ ಪ್ರಯಾಣಿಕರ ಒಟ್ಟು ಸಮಯ ಆದಷ್ಟು ಕಡಿಮೆ ಆಗೋ ಹಾಗೆ ಗಾಡಿಗಳನ್ನ ಅದೇ ಜೋಡಿಸುತ್ತೆ. ನಾವು ಒಬ್ಬೊಬ್ಬರ ನಿಮಿಷಕ್ಕೂ ಒಂದು ತೂಕ ಕೊಟ್ಟರೆ ಸಾಕು."

"ಭೇಷ್. ಎಷ್ಟು ಕೊಟ್ಟಿದೀಯ?"

"ಮೊದಲ ಸಲ ಎಲ್ಲರಿಗೂ ಒಂದೊಂದು ಕೊಟ್ಟೆ ಸರ್."

"ಏನು ಬಂತು?"

"ಬೆಳಿಗ್ಗೆ ಏಳರಿಂದ ಹತ್ತರವರೆಗೆ ಎಕ್ಸ್‌ಪ್ರೆಸ್ಸುಗಳೇ ಪ್ಯಾಸೆಂಜರಿನ ಹಿಂದೆ ನಿಧಾನ ಬರಬೇಕು ಅಂತ ಬಂತು."

ಟೀ ತರುತ್ತಿದ್ದವನು ಬಾಗಿಲಲ್ಲೇ ನಿಂತ. ಸಾಹೇಬರು ಕನ್ನಡಕ ತೆಗೆದು ಒರೆಸಿದರು.

"ಕಂಪ್ಯೂಟರ್ ಹಳೇದಾ?"

"ಹೊಸದೇ ಸರ್."

"ಹಾಗಾದ್ರೆ ತೂಕ ತಪ್ಪಿದೆ. ನೋಡಪ್ಪಾ, ಎಕ್ಸ್‌ಪ್ರೆಸ್ಸಲ್ಲಿ ಬರೋರು ಮೀಟಿಂಗಿಗೆ ಬರ್ತಾರೆ, ಫ್ಲೈಟ್ ಹಿಡೀತಾರೆ. ಪ್ಯಾಸೆಂಜರಿನವರು ಎಲ್ಲಿಗೆ ಹೋಗ್ತಾರೆ?"

"ಕೆಲಸಕ್ಕೆ ಸರ್. ಫ್ಯಾಕ್ಟರಿಗೆ, ಗಾರ್ಮೆಂಟ್ಸಿಗೆ. ಆಸ್ಪತ್ರೆಗೂ ಹೋಗ್ತಾರೆ, ಕಾಲೇಜಿಗೂ."

"ಅದೇ ಹೇಳಿದ್ದು. ದಿನಾ ಹೋಗೋರು. ಅವರಿಗೆ ಅಭ್ಯಾಸ ಇರುತ್ತೆ. ಎಕ್ಸ್‌ಪ್ರೆಸ್ಸಿಗೆ ಹತ್ತು ಕೊಡು, ಇವರಿಗೆ ಒಂದು ಇರಲಿ."

ಹುಡುಗ ಕೀಲಿ ಒತ್ತಿದ. "ಹಾಗೆ ಮಾಡಿದ್ರೂ ರಾಮನಗರದ ಹತ್ತಿರ ಒಂದು ಎಕ್ಸ್‌ಪ್ರೆಸ್ ಮೂರು ನಿಮಿಷ ನಿಲ್ಲುತ್ತೆ ಸರ್. ಜನ ಜಾಸ್ತಿ ಇದಾರೆ, ಒಂದೊಂದೇ ಸೇರಿ ತೂಕ ಬರ್ತಿದೆ."

"ಸೊನ್ನೆ ಹಾಕಿ ನೋಡು."

ಹುಡುಗ ಸೊನ್ನೆ ಹಾಕಿದ. ಪರದೆಯ ಮೇಲೆ ಎಲ್ಲ ಗೆರೆಗಳೂ ಹಸಿರಾದವು. ಸಾಹೇಬರ ಮುಖವೂ ಅರಳಿತು. ಆಗ ಬಾಗಿಲ ಹತ್ತಿರದ ಮುದುಕರು ಗಂಟಲು ಸರಿಮಾಡಿಕೊಂಡರು.

"ಸಾರ್, ಸೊನ್ನೆ ಹಾಕೋಕೆ ಇವರಿಗೆ ಫೀಜು ಯಾಕೆ? ನಾವು ಇಷ್ಟು ವರ್ಷ ಪೆನ್ಸಿಲಲ್ಲೇ ಹಾಕ್ತಾ ಇದ್ವಲ್ಲ."

ಈ ಸಭೆ ಕಾಲ್ಪನಿಕ. ಆ ತೂಕ ಕಾಲ್ಪನಿಕವಲ್ಲ. ವೇಳಾಪಟ್ಟಿಯ ಗಣಿತ ನಿಜಕ್ಕೂ ಹೀಗೇ ಕೆಲಸ ಮಾಡುತ್ತದೆ. ನೆದರ್ಲೆಂಡ್ಸಿನ ರೈಲ್ವೆ ಇಂಥ ಗಣಿತದಿಂದಲೇ ತನ್ನ ವೇಳಾಪಟ್ಟಿಯನ್ನು ಪೂರ್ತಿ ಹೊಸದಾಗಿ ಕಟ್ಟಿ 2006ರ ಡಿಸೆಂಬರಿನಲ್ಲಿ ಜಾರಿಗೆ ತಂದು, 2008ರಲ್ಲಿ ಆ ಕ್ಷೇತ್ರದ ಎಡೆಲ್‌ಮನ್ ಪ್ರಶಸ್ತಿಯನ್ನೂ ಗೆದ್ದಿತು. ಕಂಪ್ಯೂಟರು ಯಾರ ಪಕ್ಷವೂ ಅಲ್ಲ. ಯಾರ ನಿಮಿಷ ಎಷ್ಟು ತೂಗುತ್ತದೆ ಎಂದು ನಾವು ಹೇಳಿದ್ದನ್ನು ಅದು ವಿಧೇಯವಾಗಿ ಕೂಡಿ ಕಳೆಯುತ್ತದೆ.

ಸ್ವಿಟ್ಜರ್ಲೆಂಡಿನವರ ವಿಚಾರ ಇನ್ನೂ ವಿಚಿತ್ರ. 'ಬಾನ್ 2000' ಎಂಬ ಯೋಜನೆಯನ್ನು ಅವರು 1987ರಲ್ಲಿ ಜನರ ಮುಂದಿಟ್ಟು ಮತ ಹಾಕಿಸಿದರು. ಮೊದಲು ಯಾವ ಊರಿನಲ್ಲಿ ಯಾವ ಗಾಡಿ ಎಷ್ಟು ಗಂಟೆಗೆ ಕೂಡಬೇಕು ಎಂದು ಬರೆದುಕೊಂಡರು. ಆಮೇಲೆ ಅದಕ್ಕೆ ಬೇಕಾದಷ್ಟು ಹಳಿ ಹಾಕಿದರು. ಜ್ಯೂರಿಕ್‌ನಿಂದ ಬರ್ನ್‌ಗೆ ಒಂದು ಗಂಟೆಗಿಂತ ಸ್ವಲ್ಪ ಕಡಿಮೆ ಹಿಡಿಯಬೇಕಿತ್ತು. ಯಾಕೆ? ಗಂಟೆ ಹೊಡೆಯುವ ಮೊದಲು ಎಕ್ಸ್‌ಪ್ರೆಸ್‌ಗಳು ಬಂದು ಸೇರಲಿ, ಗಂಟೆ ದಾಟಿದ ಮೇಲೆ ಸುತ್ತಲಿನ ಊರುಗಳ ಲೋಕಲ್‌ಗಳು ಅವುಗಳ ಜನರನ್ನು ಹತ್ತಿಸಿಕೊಂಡು ಹೊರಡಲಿ ಎಂದು. ಅಷ್ಟಕ್ಕೆ ಬೇಕಾದ ಹೊಸ ಹಳಿ 45 ಕಿ.ಮೀ.; 2004ರ ಡಿಸೆಂಬರಿನಲ್ಲಿ ತೆರೆಯಿತು. ಸಾಧ್ಯವಾದಷ್ಟು ವೇಗ ಬೇಡ, ಬೇಕಾದಷ್ಟು ಸಾಕು ಎಂಬುದು ಅವರ ಸೂತ್ರ. ಎಂಥ ಜಿಪುಣರು! ಇನ್ನೂ ಹತ್ತು ನಿಮಿಷ ಬೇಗ ಓಡಿಸಿ, ಬರ್ನ್‌ನಲ್ಲಿ ಲೋಕಲ್ ಇಲ್ಲದೆ ಜನರನ್ನು ಅರ್ಧ ಗಂಟೆ ಕೂರಿಸುವ ಭಾಗ್ಯ ಅವರಿಗೆ ಬೇಡವಾಯಿತು.

ನಮ್ಮಲ್ಲಿ ಕ್ರಮ ಬೇರೆ. ಮೊದಲು ಬಾವುಟ, ಆಮೇಲೆ ಗಾಡಿ, ಅದಾದ ಮೇಲೆ ಹಳಿ, ಕಡೆಗೆ ಪುರುಸೊತ್ತಿದ್ದರೆ ವೇಳೆ. 2021ರ ಜನವರಿಯಲ್ಲಿ ದೇವನಹಳ್ಳಿ ವಿಮಾನ ನಿಲ್ದಾಣದ ಪಕ್ಕ ಚೆಂದದ ಹಾಲ್ಟ್ ಸ್ಟೇಷನ್ ಶುರುವಾಯಿತು. ಟ್ಯಾಕ್ಸಿಯವರು ಸಾವಿರದ ಹತ್ತಿರ ಕೇಳುವ ದೂರಕ್ಕೆ ರೈಲಿನ ಟಿಕೆಟ್ಟು ಹತ್ತು ಹದಿನೈದು ರೂಪಾಯಿ. ಆದರೂ ಬೋಗಿಗಳು ಖಾಲಿ. ದಿನಕ್ಕೆ ಬೆರಳೆಣಿಕೆಯ ಗಾಡಿ. ವಿಮಾನದ ಹೊತ್ತು ಒಂದು, ಗಾಡಿಯ ಹೊತ್ತು ಇನ್ನೊಂದು. ಜನಕ್ಕೆ ರೈಲಿನ ಬಗ್ಗೆ ಆಸಕ್ತಿಯಿಲ್ಲ ಎಂದು ಆಮೇಲೆ ಷರಾ ಬರೆಯುವುದು ಸುಲಭವಾಯಿತು.

ಇಡೀ ದೇಶದಲ್ಲಿ ಲೋಕಲ್ ತಲೆಯೆತ್ತಿ ಓಡುವ ಊರೊಂದಿದ್ದರೆ ಅದು ಮುಂಬೈ. ಅಲ್ಲಿ ಗಾಡಿಗೆ ಹೆಸರಿಲ್ಲ, ನಿಮಿಷವೇ ಹೆಸರು: 8:37, 8:52. ಬೆಳಗಿನ ಭರಾಟೆಯಲ್ಲಿ ದೂರದೂರಿನಿಂದ ಬಂದ ಎಕ್ಸ್‌ಪ್ರೆಸ್‌ಗಳೇ ಲೋಕಲ್‌ಗಳ ನಡುವೆ ಸಂದು ಹುಡುಕಬೇಕು. ಥಾಣೆ ಮತ್ತು ದಿವಾ ನಡುವೆ ಎರಡಕ್ಕೂ ಬೇರೆ ಬೇರೆ ಹಳಿ ಕೊಡಲು 2022ರವರೆಗೆ ಹೆಣಗಿ ಐದನೆಯ ಮತ್ತು ಆರನೆಯ ಹಳಿ ಹಾಕಿದರು. ಮುಂಬೈ ಅಧಿಕಾರಿಗಳು ಸಮಾನತೆಯ ತತ್ವಕ್ಕೆ ಮನಸೋತು ಹೀಗೆ ಮಾಡಿದರೆಂದು ತಿಳಿಯಬೇಡಿ. ಅಲ್ಲಿ ಲೋಕಲ್ಲನ್ನು ಇಪ್ಪತ್ತು ನಿಮಿಷ ನಿಲ್ಲಿಸಿದರೆ ಜನ ಇಳಿದು ಮೈ ಮುರಿಯುವುದಿಲ್ಲ, ಹಳಿಯ ಮೇಲೆ ಕೂರುತ್ತಾರೆ. ಆಗ ಮಾಡೆಲ್ಲಿನಲ್ಲಿ ಅವರ ತೂಕ ತಾನಾಗಿ ಏರುತ್ತದೆ. ನಮ್ಮ ಮಂಡ್ಯದವರು ಕಾವೇರಿಗೆ ಹೆದ್ದಾರಿ ತಡೆಯುತ್ತಾರೆ, ಕಬ್ಬಿನ ಬೆಲೆಗೂ ತಡೆಯುತ್ತಾರೆ. ತಮ್ಮ ಇಪ್ಪತ್ತು ನಿಮಿಷಕ್ಕೆ ಮಾತ್ರ ಸೀಸನ್ ಪಾಸಿನವರು ಇಸ್ಪೀಟು ಕಲೆಸುತ್ತಾರೆ.

ಜನಪ್ರತಿನಿಧಿಗಳು ಸುಮ್ಮನಿದ್ದಾರೆಯೇ? ಪಾಪ, ಹಾಗೆನ್ನಬಾರದು. ಅವರಿಗೆ ಲೋಕಲ್‌ನ ಕಷ್ಟ ಗೊತ್ತಿದೆ, ಅದಕ್ಕೆ ಎಕ್ಸ್‌ಪ್ರೆಸ್ಸನ್ನೇ ತಮ್ಮೂರಲ್ಲಿ ನಿಲ್ಲಿಸುತ್ತಾರೆ. 'ಪ್ರಾಯೋಗಿಕ ನಿಲುಗಡೆ' ಎಂಬ ಹೆಸರಿನಲ್ಲಿ ಮೊದಲಿಗೆ ಆರು ತಿಂಗಳು, ಆಮೇಲೆ ಮತ್ತೊಮ್ಮೆ ವಿಸ್ತರಣೆ. ವರ್ಷಗಳಿಂದ ಓಡುತ್ತಿರುವ ಗಾಡಿ ಒಂದು ನಿಮಿಷ ನಿಂತದ್ದಕ್ಕೆ ಪೆಂಡಾಲು, ಹಾರ, ಹಸಿರು ಬಾವುಟ. ಒಂದು ನಿಮಿಷದ ನಿಲುಗಡೆಗೆ ವೇಗ ಇಳಿಸಿ ಮತ್ತೆ ಏರಿಸುವುದು ಸೇರಿದರೆ ನಾಲ್ಕೈದು ನಿಮಿಷ ಹೋಗುತ್ತದೆ. ಪಕ್ಕದ ಕ್ಷೇತ್ರದವರು ಬಿಡುತ್ತಾರೆಯೇ? ಅವರಿಗೂ ಒಂದು. ಹೀಗೆ ಎಕ್ಸ್‌ಪ್ರೆಸ್ ಅರ್ಧ ಪ್ಯಾಸೆಂಜರ್ ಆಗುತ್ತದೆ, ಅದು ಕಳೆದುಕೊಂಡದ್ದನ್ನು ತುಂಬಿಕೊಡಲು ನಿಜವಾದ ಪ್ಯಾಸೆಂಜರ್ ಇನ್ನಷ್ಟು ಹೊತ್ತು ಲೂಪಿನಲ್ಲಿ ನಿಲ್ಲುತ್ತದೆ. ಬೆಳಿಗ್ಗೆ ಆರರಿಂದ ಹತ್ತರವರೆಗೆ ಅರ್ಧ ಗಂಟೆಗೊಂದು ಮೆಮು ಲೋಕಲ್ ಓಡಿಸಿದ್ದರೆ ಎಕ್ಸ್‌ಪ್ರೆಸ್ಸು ಎಲ್ಲಿಯೂ ನಿಲ್ಲಬೇಕಿರಲಿಲ್ಲ. ಆದರೆ ಅರ್ಧ ಗಂಟೆಗೊಮ್ಮೆ ಬಾವುಟ ಹಾರಿಸುತ್ತಿದ್ದರೆ ಶಾಸಕರ ಕೈ ನೋಯುವುದಿಲ್ಲವೇ?

ಬೆಂಗಳೂರಿನ ಸುತ್ತ ಇದಕ್ಕೆಲ್ಲ ಮದ್ದು ಇಲ್ಲದಿಲ್ಲ. ಎಕ್ಸ್‌ಪ್ರೆಸ್ಸಿನ ಹಂಗಿಲ್ಲದೆ ಲೋಕಲ್‌ಗೆ ಅದರದ್ದೇ ಹಳಿ ಕೊಡುವ ಉಪನಗರ ರೈಲಿನ ಮಾತು 1983ರಿಂದ ಇದೆ. ಕೇಂದ್ರ ಸಂಪುಟ ಒಪ್ಪಿದ್ದು 2020ರಲ್ಲಿ: 148 ಕಿಲೋಮೀಟರ್, 15,767 ಕೋಟಿ ರೂಪಾಯಿ, ನಾಲ್ಕು ಮಾರ್ಗ. ಮಾರ್ಗಗಳಿಗೆ ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಎಂದು ಹೆಸರಿಟ್ಟರು. 2022ರ ಜೂನ್ 20ರಂದು ಪ್ರಧಾನಿಯವರು ಶಂಕುಸ್ಥಾಪನೆ ಮಾಡಿ 40 ತಿಂಗಳಲ್ಲಿ ಮುಗಿಸುವ ಮಾತು ಕೊಟ್ಟರು. ಆ 40 ತಿಂಗಳು 2025ರ ಅಕ್ಟೋಬರಿಗೆ ತುಂಬಿದವು. ನಾಲ್ಕು ಹೂವಿನಲ್ಲಿ ಒಂದರ ಮೇಲೂ ಆ ಹೊತ್ತಿಗೆ ಒಂದು ಗಾಡಿ ಓಡಿರಲಿಲ್ಲ. ನಡುವೆ ಅದೇ ಬೆಂಗಳೂರಿನಿಂದ ವಂದೇ ಭಾರತ್‌ಗಳು ಮಾತ್ರ ಹೊರಟವು: 2022ರ ನವೆಂಬರಿನಲ್ಲಿ ಮೈಸೂರು–ಚೆನ್ನೈ, 2023ರ ಜೂನಿನಲ್ಲಿ ಧಾರವಾಡ, 2025ರ ಆಗಸ್ಟಿನಲ್ಲಿ ಬೆಳಗಾವಿ. ಅವಕ್ಕೆ ಹೊಸ ಹಳಿ ಬೇಕಿರಲಿಲ್ಲ. ಇದ್ದ ಹಳಿಯ ಮೇಲೆ ಇದ್ದವರನ್ನು ಪಕ್ಕಕ್ಕೆ ಸರಿಸಿದರೆ ಆಯಿತು.

ವಂದೇ ಭಾರತ್ ಬೇಡ ಎಂದು ನಾನು ಹೇಳುತ್ತಿಲ್ಲ. ಮೈಸೂರಿನವನಿಗೂ ಬೆಂಗಳೂರು ಬೇಗ ಸಿಗಬೇಕು. ಅವನ ವೇಗಕ್ಕೆ ಬೇಕಾದ ಹಳಿಯನ್ನು ಸರ್ಕಾರ ಹಾಕಲಿ, ಬಿಡದಿಯ ಗಾರ್ಮೆಂಟ್ಸ್ ಹೆಂಗಸಿನ ಹಾಜರಿ ಪುಸ್ತಕದಿಂದ ಕತ್ತರಿಸುವುದು ಬೇಡ. ಅಲ್ಲಿಯವರೆಗೆ ರೈಲ್ವೆಯವರಲ್ಲಿ ಒಂದೇ ಕೋರಿಕೆ, ಇದಕ್ಕೆ ಐಐಟಿಯೂ ಬೇಡ, ಕೋಟಿಯೂ ಬೇಡ. ಸಮಯಪಾಲನೆಯನ್ನು ಮೈಸೂರಿನಲ್ಲೂ ಬೆಂಗಳೂರಿನಲ್ಲೂ ಅಳೆಯುವುದನ್ನು ನಿಲ್ಲಿಸಿ. ಬಿಡದಿಯಲ್ಲಿ ಅಳೆಯಿರಿ, ಹನಕೆರೆಯಲ್ಲಿ ಅಳೆಯಿರಿ, ಬೆಳಿಗ್ಗೆ ಎಂಟು ಗಂಟೆಗೆ. ಬಂದ ಅಂಕವನ್ನು ಆವತ್ತೇ ಸಂಜೆ, ಜುಲೈ ಒಂದರ ಅದೇ ಉತ್ಸಾಹದಲ್ಲಿ, ದೇಶಕ್ಕೆಲ್ಲ ಸಾರಿ.